ಮರುಭೂಮಿಯಲ್ಲಿ ನಾನು ತೋಡಿಸಿದ ಕೆರೆಗಳು

ಎಂಬತ್ತರ ದಶಕದಲ್ಲಿ ನಾನು ರಿಯಾದಿನ ಮಲಾಜ್‌ನಲ್ಲಿ ಬೋರ್ಡು ಬರೆಯುವ ಅಂಗಡಿಯೊಂದರಲ್ಲಿದ್ದೆ. ಊರಲ್ಲಿ ಹೆಂಡತಿ ಹೆಣ್ಣು ಹೆತ್ತು ಇಪ್ಪತ್ತು ತಿಂಗಳಾಗಿತ್ತು. ಮಗಳ ಮುಖವನ್ನು ನಾನು ಕಂಡದ್ದು ಫೋಟೋದಲ್ಲಿ ಮಾತ್ರ. ರಜೆ ಕೇಳಿದಾಗಲೆಲ್ಲ ಕಫೀಲ್, ಅಂದರೆ ನನ್ನ ಪಾಸ್‌ಪೋರ್ಟು ಇಟ್ಟುಕೊಂಡಿದ್ದ ಧಣಿ, ಬೆರಳುಗಳನ್ನು ಜೋಡಿಸಿ ‘ಸ್ವಲ್ಪ ತಾಳು’ ಎಂದು ಸನ್ನೆ ಮಾಡುತ್ತಿದ್ದ. ಆ ಬೆರಳುಗಳನ್ನು ಕಂಡರೇ ನನಗೆ ಮೈ ಉರಿಯುತ್ತಿತ್ತು.

ಊರಾಚೆಯ ಬಯಲಿನಲ್ಲಿ ಸರ್ಕಾರ ವರ್ಷಕ್ಕೊಮ್ಮೆ ದೊಡ್ಡ ಮೇಳ ನಡೆಸಲು ಶುರುಮಾಡಿತ್ತು. ಅದರಲ್ಲಿ ಕಫೀಲನ ಮುದಿ ತಂದೆ ಮನೆಯ ಹಳೇ ಸಾಮಾನುಗಳನ್ನು ತೋರಿಸಲು ಒಂದು ಮಳಿಗೆ ಹಿಡಿದಿದ್ದರು. ವಿದೇಶಿ ಅತಿಥಿಗಳು ಬರುತ್ತಾರಲ್ಲ, ಮೇಳದ ಮತ್ತು ನಗರದ ಇತಿಹಾಸ ಇಂಗ್ಲಿಷಿನಲ್ಲಿ ಬೇಕು. ಕಫೀಲ್ ಹನ್ನೆರಡು ಅಡಿಯ ಹಲಗೆ ತೋರಿಸಿ, “ಬೋರ್ಡ್ ಖಲಾಸ್, ಬಾದ್ ಮೇ ಛುಟ್ಟಿ. ಯಲ್ಲಾ!” ಎಂದ. ಬೋರ್ಡು ಮುಗಿದರೆ ರಜೆ!

ಮೇಳದ ಇತಿಹಾಸ ಸುಲಭವಾಗಿತ್ತು. ಒಂಟೆ ಓಟದಿಂದ ಶುರುವಾಯಿತು, ಜನ ಸೇರಿದರು, ಅಂಗಡಿಗಳು ಬಂದವು. ನಾಲ್ಕು ಸಾಲಿಗೆ ಮುಗಿಯಿತು. ನಗರದ ಇತಿಹಾಸ ಕೇಳಿದರೆ ಕಫೀಲ್, “ದೊಡ್ಡ ನಗರ, ಒಳ್ಳೆಯ ನಗರ. ಖಾಲಿ ಜಾಗ ಬಿಡಬೇಡ” ಎಂದು ಹೊರಟುಹೋದ. ಆ ನಗರದಲ್ಲಿ ನನಗೆ ಗೊತ್ತಿದ್ದದ್ದು ಕೋಣೆ, ಅಂಗಡಿ ಮತ್ತು ಮೀನು ಸಿಗುವ ಒಂದು ಗಲ್ಲಿ. ಉಳಿದ ಎಂಟು ಅಡಿ ಹಲಗೆ ಬೆಳ್ಳಗೆ ನನ್ನನ್ನೇ ನೋಡುತ್ತಿತ್ತು.

ಆಗ ಕೈಗೆ ಬಂದದ್ದು ನಮ್ಮ ಹೈಸ್ಕೂಲಿನ ವಿದ್ಯೆ. ರಾಜ ಯಾರೇ ಇರಲಿ, ಪ್ರಶ್ನೆ ಏನೇ ಇರಲಿ, ನಾವು ಬರೆಯುತ್ತಿದ್ದ ಉತ್ತರ ಒಂದೇ: ಕೆರೆ ಬಾವಿಗಳನ್ನು ತೋಡಿಸಿದನು, ರಸ್ತೆಯ ಎರಡೂ ಬದಿಗಳಲ್ಲಿ ಸಾಲುಮರಗಳನ್ನು ನೆಡಿಸಿದನು, ದಾರಿಹೋಕರಿಗೆ ಛತ್ರಗಳನ್ನು ಕಟ್ಟಿಸಿದನು, ಪ್ರಜೆಗಳು ಸುಖವಾಗಿದ್ದರು. ಅಷ್ಟನ್ನೂ ಇಂಗ್ಲಿಷಿಗೆ ತಿರುಗಿಸಿ ನೀಲಿ ಬಣ್ಣದಲ್ಲಿ ಬರೆದುಬಿಟ್ಟೆ.

ಕೋಣೆಯ ಜೊತೆಗಾರ, ಏಸಿ ರಿಪೇರಿ ಮಾಡುವ ಉಡುಪಿಯವ, ಓದಿ ತಲೆಗೆ ಕೈ ಹಚ್ಚಿದ. “ಎಂತ ಮಾರಾಯ ಇದು? ಇಲ್ಲಿ ಕೆರೆ ಎಲ್ಲುಂಟು?”

“ಇತಿಹಾಸ ಅಂದ ಮೇಲೆ ಕೆರೆ ಬೇಡ್ವಾ? ಕೆರೆ ಇಲ್ಲದೆ ಯಾವ ಮೇಷ್ಟ್ರು ಮಾರ್ಕು ಕೊಟ್ಟಿದ್ದಾರೆ?”

“ಮಾರ್ಕಲ್ಲ, ಒದೆ ಕೊಡ್ತಾರೆ ನೋಡು. ರಜೆಗೆ ಎಳ್ಳುನೀರು ಬಿಟ್ಟೆ ನೀನು.”

ಮೇಳದ ಮೊದಲ ದಿನವೇ ಬಿಳಿಯ ಅತಿಥಿಯೊಬ್ಬ ಬೋರ್ಡಿನ ಮುಂದೆ ನಿಂತು ಎರಡು ಸಲ ಓದಿ ನಕ್ಕ. ಈ ಮರಳಿನಲ್ಲಿ ನೀರೆಲ್ಲಿತ್ತು, ಮರವೆಲ್ಲಿತ್ತು ಎಂದು ಕಫೀಲನ ಮುದಿ ತಂದೆಯನ್ನೇ ಕೇಳಬೇಕಂತೆ. ಮಧ್ಯೆ ಅರಬ್ಬಿಗೆ ತಿರುಗಿಸಿ ಹೇಳಲು ಇದ್ದವನು ನಾನೊಬ್ಬನೇ. ನನ್ನ ಸುಳ್ಳನ್ನು ನನ್ನ ಬಾಯಿಂದಲೇ, ಅದೂ ಹರಕು ಅರಬ್ಬಿಯಲ್ಲಿ, ಕಫೀಲನ ಎದುರು ಹೇಳಬೇಕಾಯಿತು. ಅಯ್ಯೋ ದೇವರೇ!

ಮುದುಕರು ಎದ್ದರು. ಮೂಲೆಯಲ್ಲಿ ತೂಗುಹಾಕಿದ್ದ ದೊಡ್ಡ ಚರ್ಮದ ಚೀಲವನ್ನು ಕೆಳಗಿಳಿಸಿದರು. ಅದು ಚೀಲವಲ್ಲವಂತೆ, ಬಾವಿಯ ನೀರೆತ್ತುವ ಕಪಿಲೆಯಂತೆ. ಚಿಕ್ಕವರಿದ್ದಾಗ ಒಂಟೆ ಹೂಡಿ ಅದರಲ್ಲೇ ನೀರೆತ್ತಿ ಖರ್ಜೂರದ ತೋಟಕ್ಕೆ ಹಾಯಿಸುತ್ತಿದ್ದರಂತೆ. ಈ ಊರಿನ ಹೆಸರಿಗೇ ತೋಟಗಳು ಎಂದು ಅರ್ಥವಂತೆ. ಹೇಳುತ್ತಾ ಹೇಳುತ್ತಾ ಅವರ ಕಣ್ಣು ಒದ್ದೆಯಾಯಿತು. “ಇದೆಲ್ಲ ನನ್ನ ಮಕ್ಕಳಿಗೇ ಗೊತ್ತಿಲ್ಲ. ಈ ಹಿಂದಿಗೆ, ಈ ಇಂಡಿಯಾದವನಿಗೆ, ಯಾರು ಹೇಳಿದರು?” ಎಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ನನಗೆ ನಾಚಿಕೆಯಾಯಿತು.

ಕಫೀಲ್ ಮಾತ್ರ ಉಬ್ಬಿಹೋದ. ಇಷ್ಟು ತಿಳಿದವನನ್ನು ಬಿಡುವುದುಂಟೇ? ಮೇಳ ಮುಗಿಯುವ ತನಕ ನಾನು ಅಲ್ಲೇ ನಿಂತು ಅತಿಥಿಗಳಿಗೆ ವಿವರಿಸಬೇಕು, ರಜೆ ಆಮೇಲೆ ನೋಡೋಣ ಎಂದು ಮತ್ತೆ ಆ ಹಾಳು ಬೆರಳುಗಳನ್ನು ಜೋಡಿಸಿದ!

ನನಗೆ ತಡೆಯಲಾಗಲಿಲ್ಲ. ಜೇಬಿನಿಂದ ಮಗಳ ಫೋಟೋ ತೆಗೆದು ನೇರವಾಗಿ ಮುದುಕರ ಕೈಗೇ ಕೊಟ್ಟೆ. “ಇವಳನ್ನು ನಾನಿನ್ನೂ ನೋಡಿಲ್ಲ” ಎಂದೆ. ಮುದುಕರು ಫೋಟೋ ನೋಡಿದರು, ಮಗನನ್ನು ನೋಡಿದರು. ಆಮೇಲೆ ಅವನಿಗೆ ಬೈದ ಬೈಗುಳಗಳಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ, ಆದರೂ ಹೊಟ್ಟೆ ತುಂಬಿತು. ಆ ವಾರವೇ ಪಾಸ್‌ಪೋರ್ಟಿಗೆ ರಜೆಯ ಸೀಲು ಬಿತ್ತು.

ಊರಿಗೆ ಬಂದಾಗ ಮಗಳು ನನ್ನನ್ನು ಕಂಡು ಹೋ ಎಂದು ಅತ್ತು ಅಮ್ಮನ ಸೀರೆಯೊಳಗೆ ಅಡಗಿದಳು. ಹೆಂಡತಿ ಚಹಾ ಕೊಡುತ್ತಾ, ಆ ಊರು ಹೇಗುಂಟು ಎಂದು ಕೇಳಿದಳು.

“ಕೆರೆ ಬಾವಿ ತೋಡಿಸಿದ್ದಾರೆ, ಸಾಲುಮರ ನೆಡಿಸಿದ್ದಾರೆ...”

ಅವಳೂ ನಮ್ಮ ಶಾಲೆಯಲ್ಲೇ ಓದಿದವಳು. “ಪರೀಕ್ಷೆಯ ಉತ್ತರ ಬೇಡ ನನಗೆ. ಎಷ್ಟು ದಿವಸ ಇರ್ತೀರಿ, ಅದು ಹೇಳಿ.”

“ನಲವತ್ತೈದು.”

ಮಗಳು ನನ್ನ ಹತ್ತಿರ ಬರುವುದಕ್ಕೇ ಅದರಲ್ಲಿ ಮೂವತ್ತು ದಿನ ಹೋಯಿತು.