ಅಜ್ಜಿಯ ದವಡೆ ಮತ್ತು ಮಾಳಿಗೆಯ ನಿಚ್ಚಣಿಕೆ

ಲಕೋಟೆಗಳು ತಾವಾಗಿಯೇ ಅದಲುಬದಲಾದವೋ, ಯಾರಾದರೂ ಮಾಡಿದರೋ, ಅಥವಾ ನಾನೇ ತಪ್ಪಾಗಿ ಕೇಳಿಸಿಕೊಂಡಿದ್ದೆನೋ, ಎಷ್ಟೋ ವರ್ಷ ನನಗೆ ಖಚಿತವಿರಲಿಲ್ಲ. ತೊಂಬತ್ತರ ದಶಕದ ಕೊನೆಯಿರಬೇಕು. ಆಗಷ್ಟೇ ವಿಶ್ವವಿದ್ಯಾಲಯ ಮುಗಿಸಿದ್ದ ನಾನು, ಕಾಗದದ ಮೇಲಿಲ್ಲದ್ದನ್ನು ನಂಬುವುದಿಲ್ಲ ಎಂದು ಬೈಲಹೊಂಗಲದ ಮನೆಮಂದಿಯನ್ನೆಲ್ಲ ಪೀಡಿಸುತ್ತಿದ್ದೆ.

ಅಜ್ಜಿಗೂ ಅವಳ ನಾದಿನಿಗೂ ಹಲ್ಲಿನ ಸೆಟ್ ಮಾಡಿಸಬೇಕಿತ್ತು. ಮುರಗೋಡದಿಂದ ಬಂದು ನಮ್ಮಲ್ಲೇ ಉಳಿದಿದ್ದ ಈ ನಾದಿನಿ ನನಗೆ ಸಣ್ಣಜ್ಜಿ. ಬೆಳಗಾವಿಯ ದಂತವೈದ್ಯರು ಇಬ್ಬರ ಇಡೀ ದವಡೆಯ ಎಕ್ಸ್‌ರೇ ತೆಗೆಸಿದರು. ಗದ್ದ ಊರಿ ನಿಂತರೆ ಯಂತ್ರ ತಲೆಯ ಸುತ್ತ ತಿರುಗುತ್ತಿತ್ತು. "ನಾವು ದೇವರಿಗೆ ಸುತ್ತ ಹಾಕ್ತೀವಿ, ಇದು ನನಗ ಹಾಕ್ತೈತಲ್ಲೋ!" ಎಂದು ಅಜ್ಜಿ ತನ್ನ ಬಂಗಾರದ ಹಲ್ಲು ಕಾಣುವಂತೆ ನಕ್ಕಳು.

ವೈದ್ಯರು ನನ್ನೊಬ್ಬನನ್ನೇ ಒಳಗೆ ಕರೆದು ಒಂದು ಫಿಲ್ಮನ್ನು ಬೆಳಕಿಗೆ ಹಿಡಿದರು. "ಕೆಳದವಡಿ ಅಂಚು ನೋಡ್ರಿ, ಭಾಳ ತೆಳ್ಳಗೈತಿ. ಉಳಿದ ಎಲುಬೂ ಹಿಂಗ ಇರಬಹುದು, ಪರೀಕ್ಷೆ ಮಾಡಸ್ರಿ. ಅಲ್ಲೀತನಕ ಎತ್ತರ ಹತ್ತಾಕ ಬಿಡಬ್ಯಾಡ್ರಿ." ಅದು ಅಜ್ಜಿಯದೆಂದು ಹೇಳಿದರು. ಹೇಳಿದರೆಂದು ನನ್ನ ನೆನಪು.

ಬಸ್ಸಿನಲ್ಲಿ ವಿಷಯ ತಿಳಿಸಿದಾಗ ಅಜ್ಜಿಯ ಮುಖ ಇಳಿಯಿತು. ನಿಚ್ಚಣಿಕೆ ಏರಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತ ಇಡೀ ಓಣಿಯ ಕಾರಭಾರ ನೋಡದಿದ್ದರೆ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. "ತಾ ಇಲ್ಲೆ, ನನ್ನ ದವಡಿ ನಾನೂ ನೋಡತೇನಿ" ಎಂದು, ಹೆಸರು ಬರೆದು ಫಿಲ್ಮು ಹಾಕಿಕೊಟ್ಟಿದ್ದ ಎರಡೂ ಲಕೋಟೆ ಇಸಿದುಕೊಂಡಳು. ನನಗೆ ನಿದ್ದೆ ಹತ್ತಿತು.

ಮನೆಯಲ್ಲಿ ತೆಗೆದು ನೋಡಿದರೆ, ತೆಳು ಅಂಚಿನ ಫಿಲ್ಮು ಸಣ್ಣಜ್ಜಿಯ ಹೆಸರಿನ ಲಕೋಟೆಯಲ್ಲಿತ್ತು.

"ಡಾಕ್ಟರು ಇದು ನಿಂದು ಅಂದಿದ್ರು, ಆಯಿ," ಎಂದೆ ಅಜ್ಜಿಗೆ.

"ಬರದಿದ್ದು ಖರೇನೋ, ನಿನ್ನ ನೆನಪು ಖರೇನೋ? ಸಾಲಿ ಒಳಗ ಏನ್ ಕಲ್ತು ಬಂದಿ?"

ನಾನು ಫಿಲ್ಮನ್ನು ಅದೇ ಲಕೋಟೆಗೆ ಮರಳಿ ಸೇರಿಸಿದೆ. ಊರಿನ ಡಾಕ್ಟರು ಸಣ್ಣಜ್ಜಿಗೆ ಕ್ಯಾಲ್ಸಿಯಂ ಗುಳಿಗೆ ಬರೆದುಕೊಟ್ಟರು. ಅಜ್ಜಿ ಮಾಳಿಗೆ ಏರಿದಳು. ಎಂಟು ದಿನ ಕಳೆದಿರಬಹುದು, ಸಣ್ಣಜ್ಜಿ ಅಡುಗೆಮನೆಯಿಂದ ಕೂಗಿದಳು:

"ವೈನಿ, ನನ್ನ ಗುಳಿಗಿ ದಿನಾ ಒಂದೊಂದು ಹೆಚ್ಚಿಗಿ ಖಾಲಿ ಆಗಾಕತ್ತಾವು!"

"ಇಲಿ ಇರಬೇಕ ತಗಿ," ಎಂದಳು ಅಜ್ಜಿ.

"ಇಲಿ ಚರಗಿ ನೀರೂ ತುಗೊಂಡು ಕುಂದರತೈತೇನ?"

ಮರುದಿನದಿಂದ ಅಜ್ಜಿ ನಿಚ್ಚಣಿಕೆ ಹತ್ತಲಿಲ್ಲ. ನನ್ನನ್ನು ಮೇಲೆ ಹತ್ತಿಸಿ, ಕೆಳಗೆ ನಿಂತು, "ಕಾಯಿ ಆಮ್ಯಾಲೆ ಹರವು. ಮೊದಲ ಯಾರ ಮನಿಗೆ ಯಾರು ಬಂದಾರ ನೋಡಿ ಹೇಳು" ಎನ್ನುತ್ತಿದ್ದಳು.

ಇಬ್ಬರೂ ಹೋದ ಎಷ್ಟೋ ವರ್ಷಕ್ಕೆ ಟ್ರಂಕಿನಲ್ಲಿ ಆ ಫಿಲ್ಮುಗಳು ಸಿಕ್ಕವು. ತೆಳು ಅಂಚಿನ ದವಡೆಯಲ್ಲಿ ಮಾತ್ರ ಒಂದು ಹಲ್ಲು ಸುಣ್ಣ ಬಳಿದಷ್ಟು ಬೆಳ್ಳಗಿತ್ತು. ದಂತವೈದ್ಯನಾದ ಗೆಳೆಯನಿಗೆ ತೋರಿಸಿ ಖಾತ್ರಿ ಮಾಡಿಕೊಂಡೆ: ಎಕ್ಸ್‌ರೇಯಲ್ಲಿ ಬಂಗಾರದ ಹಲ್ಲು ಹಾಗೆಯೇ ಕಾಣುತ್ತದೆ.