ನಸೀಮಾಳ ಫೋಟೋ ಕಳಿಸಿದವನು ನಾನು

ನನ್ನ ತಂಗಿ ನಸೀಮಾಳ ಫೋಟೋ ಆ ಹೊಲಸು ಮನುಷ್ಯನಿಗೆ ಕಳಿಸಿದವನು ನಾನು. ಆಕೆಯಲ್ಲ. ಈ ಮಾತು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ — ಆಗಲಿ.

ಚಪಳಗಾಂವದ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಅಬ್ಬಾ ಸೊಲ್ಲಾಪುರದ ಟಾವೆಲ್ ಕಾರಖಾನೆಯಲ್ಲಿ ಗಂಟು ಹೊತ್ತು ಓದಿಸಿದರು. ಆ ಹೆಮ್ಮೆ ನನಗಿನ್ನೂ ಇದೆ, ಸುಳ್ಳು ಹೇಳಲಾರೆ. ನಸೀಮಾ ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಮದುವೆಗೆ ಗಂಡು ಹುಡುಕಲು ಮುಸ್ಲಿಮರ ಒಂದು ಆ್ಯಪಿನಲ್ಲಿ ಆಕೆಯ ಹೆಸರು ಹಾಕಿದೆವು. ಅದರಲ್ಲಿ ಹುಡುಗಿಯ ಫೋಟೋ ಮಬ್ಬು ಮಾಡಿಡಬಹುದು. ಆಕೆಯ ಪರವಾಗಿ ಒಬ್ಬ ವಲಿ ಇದ್ದು ಎಲ್ಲ ಮಾತುಕತೆ ಓದಬಹುದು. ವಲಿ ಎಂದರೆ ಕಾಯುವವನು — ಆ ಜಾಗದಲ್ಲಿ ನನ್ನ ಹೆಸರಿತ್ತು.

"ಭಾಯಿ, ಮೊದಲ ಮನಿಗಿ ಬರ್ಲಿ, ಅಬ್ಬಾನ ಜೋಡಿ ಮಾತಾಡ್ಲಿ. ಅಲ್ಲೀತನ ಫೋಟೋ ಯಾರಿಗೂ ತೋರಸೂದು ಬ್ಯಾಡ," ಎಂದು ನಸೀಮಾ ಮೊದಲೇ ಹೇಳಿದ್ದಳು.

ಆ್ಯಪಿನಲ್ಲಿ ಒಬ್ಬ ಬಂದ. ದುಬೈ ಎಂಜಿನಿಯರ್ ಅಂತೆ. ನನಗೇ ಫೋನ್ ಮಾಡಿ, ಇಂಗ್ಲಿಷ್ ಬೆರೆಸಿ ನಯವಾಗಿ ಮಾತಾಡಿದ. ವಿಡಿಯೋ ಕಾಲ್ ಎಂದರೆ ಡ್ಯೂಟಿ ಎಂದ. ಅವನು ತನ್ನದೆಂದು ಹೇಳಿದ ಊರಿನಲ್ಲಿ ನಾನು ಯಾರನ್ನೂ ವಿಚಾರಿಸಲಿಲ್ಲ. ಫೋಟೋ ಕೇಳಿದ. ಮನೆಗೆ ಬನ್ನಿ ಎಂದೆ. ನಕ್ಕ.

"ನೀವು ಓದಿದವ್ರು ಅನಕೊಂಡಿದ್ದೆ ಸಾಹೇಬ್ರ. ಇನ್ನೂ ಹಳ್ಯಾಗೇ ಅದೀರಲ್ಲ!"

ಅಷ್ಟೇ. ಆ ಒಂದು ಮಾತು ನನಗೆ ಚುಚ್ಚಿತು. ನಸೀಮಾ ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದ ಮಧ್ಯಾಹ್ನ ಆಕೆಯ ಫೋನ್ ತೆಗೆದು, ಈದ್ ದಿನದ ಫೋಟೋ — ತಲೆಯ ಮೇಲೆ ಓಢಣಿ ಇಲ್ಲದ್ದು — ಆಕೆಯ ನಂಬರಿನಿಂದಲೇ ವಾಟ್ಸಾಪಿನಲ್ಲಿ ಕಳಿಸಿದೆ. ಆಮೇಲೆ ಆಕೆಯ ಫೋನಿನಲ್ಲಿ ಆ ಮೆಸೇಜು ಅಳಿಸಿದೆ. ತಪ್ಪೆಂದು ಗೊತ್ತಿರಲಿಲ್ಲ ಎಂದು ಹೇಗೆ ಹೇಳಲಿ — ಗೊತ್ತಿರದಿದ್ದರೆ ಅಳಿಸುತ್ತಿದ್ದೆನೇ?

ಅವನು ಎಂಜಿನಿಯರೂ ಅಲ್ಲ, ದುಬೈಯೂ ಅಲ್ಲ. ಅವನು ಹರಿಬಿಟ್ಟ ಫೋಟೋ ಆಕೆಯ ನಂಬರಿನ ಸಮೇತ, ಬಾಯಿಂದ ಆಡಬಾರದ ಒಂದು ಸಾಲು ಹೊತ್ತು ನಮ್ಮ ನೆಂಟರ ಗ್ರೂಪಿಗೇ ಬಂತು. ಅಬ್ಬಾನ ತಮ್ಮ ಚಾಚಾ ಅದನ್ನು ತಂದು ಅವರ ಮುಂದೆ ಹಿಡಿದರು.

"ನಾ ಕಳಸಿಲ್ಲ ಅಬ್ಬಾ, ಕಸಮ್!" ನಸೀಮಾ ಅಳುತ್ತಿದ್ದಳು.

"ಮತ್ತ ಫೋಟೋಕ್ಕ ಕಾಲ ಬಂದಿದ್ವೇನು?" ಎಂದರು ಚಾಚಾ.

ಅಬ್ಬಾ ನನ್ನ ಕಡೆ ತಿರುಗಿದರು. "ನೀ ಓದಿದಾಂವ ಅದಿ. ನೀ ಹೇಳಪಾ, ಇಕೀ ಖರೇ ಹೇಳಾಕತ್ತಾಳೇನು?"

ನಾನು ಹೇಳಿದೆ: "ಫೋನ್ ಅಕೀ ಕೈಯಾಗೇ ಇರ್ತದಲ್ಲ, ಅಬ್ಬಾ."

ನಸೀಮಾ ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಆಕೆಗೆ ಗೊತ್ತಾಯಿತು — ಆ ಕ್ಷಣದಲ್ಲೇ. ಆದರೆ ನನ್ನ ಹೆಸರು ಹೇಳಿದ್ದರೂ ಯಾರು ನಂಬುತ್ತಿದ್ದರು?

ಅಬ್ಬಾ ಆಕೆಯ ನೌಕರಿ ಬಿಡಿಸಿದರು. ಚಾಚಾ ಈಗಲೂ ನಮ್ಮ ಮನೆಗೆ ಬಂದರೆ, ಆಕೆ ಚಹಾ ತಂದಿಟ್ಟಾಗ ಗೋಡೆ ನೋಡುತ್ತಾರೆ. ಅದೇ ಚಹಾ ನಾನೂ ಕುಡಿಯುತ್ತೇನೆ. ಇಷ್ಟು ವರ್ಷ ಗಂಟಲಲ್ಲಿ ಇಳಿದಿದೆ — ಥೂ.

ಮೊನ್ನೆ ಅಕ್ಕಲಕೋಟದಿಂದ ಚಿಕ್ಕಮ್ಮ ಮೆಹರುನ್ ಖಾಲಾ ಬಂದಿದ್ದರು, ಮಗಳ ಹೆಸರು ಅದೇ ಆ್ಯಪಿನಲ್ಲಿ ಹಾಕಿಸಲು. ನಾನು ದೊಡ್ಡವನಂತೆ ಹೇಳುತ್ತ ಹೋದೆ: ನಂಬರ್ ಕೊಡಬೇಡಿ, ಮುಖ ನೋಡದೆ ನಂಬಬೇಡಿ, ಅವರ ಊರಿಗೆ ಹೋಗಿ ನಾಲ್ಕು ಜನರನ್ನು ಕೇಳಿ, ಭೇಟಿಗೆ ಮನೆಯವರು ಜೊತೆಗಿರಲಿ, ಹುಡುಗಿ ಒಪ್ಪದೆ ಫೋಟೋ ಹೊರಗೆ ಹೋಗಬಾರದು...

ಖಾಲಾ ತಲೆದೂಗಿದರು. "ನಿನ್ನಂಥ ಶಾಣ್ಯಾ ಮನ್ಯಾಗ ಇದ್ರೂ ಆ ಹುಡುಗಿ ಹಂಗ ಮಾಡಿದ್ಳು ನೋಡು. ನಡತಿನೇ ಹಂಗಿದ್ರ ಯಾರೇನ್ ಮಾಡಾಕಾಗ್ತದ?"

ಒಳಗೆ ನಸೀಮಾ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ನಿಂತಿತು.

"ಖಾಲಾ, ಕಳಿಸಿದಾಂವ ನಾನು," ಎಂದೆ.

ಖಾಲಾ ನನ್ನ ಕೈಯಲ್ಲಿದ್ದ ತಮ್ಮ ಫೋನ್ ಕಿತ್ತುಕೊಂಡು ಎದ್ದರು. "ಇದನ್ನ ನನಗ ಯಾಕ ಹೇಳ್ತಿ? ಯಾರ ಮುಂದ ಸುಳ್ಳ ಹೇಳಿದ್ಯೋ, ಅವರ ಮುಂದ ಹೇಳು."

ಈ ಶುಕ್ರವಾರ ನಮಾಜು ಮುಗಿದ ಮೇಲೆ ಅಬ್ಬಾ, ಚಾಚಾ ಇಬ್ಬರನ್ನೂ ಕೂರಿಸಿ ಹೇಳುತ್ತೇನೆ. ನಸೀಮಾಳೂ ಅಲ್ಲೇ ಇರುತ್ತಾಳೆ, ಅಡುಗೆಮನೆಯಲ್ಲಲ್ಲ. ಆಕೆಯ ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ. ಆಮೇಲೆ ಆಕೆ ಜನ್ಮದಲ್ಲಿ ನನ್ನ ಮುಖ ನೋಡದಿದ್ದರೂ ಸರಿ — ಚಾಚಾ ಮಾತ್ರ ಆಕೆಯ ಮುಖ ನೋಡಿ ಮಾತಾಡಬೇಕು.