ಮಾವ ಚೌಕಾಸಿ ಬಿಟ್ಟಾಗ

ಮಾವನನ್ನು ಡಾಕ್ಟರ ಮುಂದೆ ಕೂರಿಸಲು ನನಗೆ ಖರ್ಚಾದದ್ದು ಬಸ್ ಚಾರ್ಜು, ಕೆಲವು ಸಂತೆಯ ವ್ಯಾಪಾರ, ಮತ್ತು ಅಕ್ಕನ ಮುಂದೆ ನನಗಿದ್ದ ಜಾಣನೆಂಬ ಹೆಸರು. ಮೊದಲಿನ ಎರಡು ಸಣ್ಣವು. ಮೂರನೆಯದು ದುಬಾರಿಯಾಯಿತು, ಯಾಕೆಂದರೆ ಚೌಕಾಸಿಯಿಂದ ಆಗದ ಕೆಲಸವೇ ಇಲ್ಲವೆಂದು ನಾನು ನಂಬಿದ್ದೆ.

ನಾನು ಮಸ್ಕಿಯವನು. ಬೇರೆಯವರ ಕುರಿ ಕಾಯುತ್ತ ಶುರುಮಾಡಿ, ದಲ್ಲಾಳಿಯಾಗಿ, ಈಗ ಸ್ವಂತ ಗಾಡಿಯಲ್ಲಿ ಕುರಿ ಹೇರುತ್ತೇನೆ. ಅಕ್ಕನನ್ನು ಗುರುಗುಂಟಾಕ್ಕೆ ಕೊಟ್ಟಿದೆ. ಅವಳದೊಂದು ಕುರಿ ಹಿಂಡು. ಮನೆ ನಡೆಯುವುದು ಅದರ ಮೇಲೆಯೇ. ಮೇಯಿಸುವುದು ಅವಳು, ಮಾರುವುದು ಅವಳ ಗಂಡ, ಅಂದರೆ ನಮ್ಮ ಮಾವ. ನಮ್ಮ ಕಡೆಯ ಹಳೆಯ ವ್ಯಾಪಾರಿಗಳು ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲಿ ಹೇಳುತ್ತಾರೆ. ಒಂದು ಟಗರಿನ ವ್ಯಾಪಾರಕ್ಕೂ ಮಾವ, ತರಿಸಿದ ಚಹಾ ಆರಿ, ಇನ್ನೊಂದು ತರಿಸುವ ತನಕ ಹಿಡಿದ ಕೈ ಬಿಟ್ಟವರಲ್ಲ.

ಅಂಥವರು ಒಂದು ದಿನ ಲಿಂಗಸುಗೂರು ಸಂತೆಗೆ ಗಬ್ಬದ ಕುರಿಗಳನ್ನು ಹೊಡೆದುಕೊಂಡು ಬಂದರು. ಮರಿ ಹಾಕುವ ಕುರಿಯನ್ನು ಯಾರೂ ಮಾರುವುದಿಲ್ಲ. ಸಿಂಧನೂರಿನ ವ್ಯಾಪಾರಿಯೊಬ್ಬ ಟವೆಲ್ ಹಾಕಿ ಕೈ ಹಿಡಿದ. ನಾನು ಪಕ್ಕಕ್ಕೆ ಬಂದು ನಿಲ್ಲುವಷ್ಟರಲ್ಲಿ ಮಾವ, "ಆತು, ಹೊಡಕೊಂಡ ಹೋಗು" ಅಂದುಬಿಟ್ಟರು. ಕೊಳ್ಳುವವನಿಗೇ ಗಾಬರಿ. "ಯಾಕ್ರೀ, ಕುರಿಗೇನರ ರೋಗ ಐತೇನ್ರೀ?" ಎಂದು ಒಂದೊಂದರ ಬಾಯಿ ತೆರೆದು ನೋಡತೊಡಗಿದ.

ಮೊದಲ ದರಕ್ಕೇ ಒಪ್ಪುವವನಿಗೆ ದುಡ್ಡು ಇವತ್ತೇ ಬೇಕಾಗಿರುತ್ತದೆ. ಇದು ನನ್ನ ಕಸುಬು ಕಲಿಸಿದ ಪಾಠ. ಮನೆಯಲ್ಲಿ ಮದುವೆಯಿಲ್ಲ, ಯಾರಿಗೂ ಬ್ಯಾನಿ, ಕಾಯಿಲೆ ಇಲ್ಲ. ಮತ್ತೆ ಯಾಕೆ ಈ ಅವಸರ? ಚಹಾದಂಗಡಿಯಲ್ಲಿ ಮಾವ ಫೋನು ತೆಗೆದು ಕ್ರಿಕೆಟ್ ನೋಡುತ್ತ ಕೂತರು.

"ಯಾರ್ಯಾರ್ದು ಮಾವಾ ಮ್ಯಾಚು?"

"ಯಾರ್ದರ ಇರವಲ್ದ್ಯಾಕಲೇ. ಬಾಲ್ ಒಗ್ಯಾಕತ್ತಾರಿಲ್ಲ?"

"ಯಾವ ದೇಶ ಅನ್ನೋದು ಗೊತ್ತಿಲ್ಲ, ಬೆವರು ಮಾತ್ರ ನಿಮಗ ಬರಾಕತ್ತೈತಲ್ರೀ!"

ಫೋನು ಜೇಬಿಗೆ ಹೋಯಿತು. "ಬಿಸಲು ಭಾಳ ಐತಿ" ಅಂದರು. ನಾವು ಕೂತದ್ದು ಬೇವಿನ ನೆರಳಿನಲ್ಲಿ.

ಮರುದಿನವೇ ಗುರುಗುಂಟಾಕ್ಕೆ ಹೋಗಿ ಅಕ್ಕನನ್ನು ಕೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು: "ಫೋನಿನ್ಯಾಗ ಮ್ಯಾಚಿಗೆ ರೊಕ್ಕ ಹಚ್ತಾರ. ಗೆದ್ದ ದಿನ ಜಿಲೇಬಿ ತರ್ತಾರ. ಸೋತಿದ್ದು ಒಂದಿನನೂ ಹೇಳಿಲ್ಲ. ಕುರಿ ರೊಕ್ಕ ಕೇಳಿದ್ರ, ಉದ್ರಿ ಕೊಟ್ಟೀನಿ, ಬರ್ತೈತಿ ಅಂತಾರ."

"ಯಕ್ಕಾ, ಸಂತ್ಯಾಗ ಉದ್ರಿ ಯಾರು ಕೊಡ್ತಾರಬೇ!"

"ನೆಟ್‌ವರ್ಕ್ ಹೋದ್ರ ನನ್ನ ಮ್ಯಾಲ ಹರಿಹಾಯ್ತಾರ. ನಾ ಏನು ಟವರ್ ಏನೋ ತಮ್ಮಾ?"

ಮಾವನನ್ನು ಕೂರಿಸಿ ನೇರವಾಗಿ ಕೇಳಿದೆ. ಫೋನಿನಲ್ಲಿ ಕ್ರಿಕೆಟ್ ಬಾಜಿ ಕಟ್ಟುತ್ತಿರುವುದನ್ನು ಒಪ್ಪಿಕೊಂಡರು. ಆಗ ನಾನು ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ: ಚೌಕಾಸಿ. ಪೂರಾ ಬಿಡಿ ಅಂದೆ. ಅವರು ದಿನಾ ಒಂದು ಅಂದರು. ನಾನು ತಿಂಗಳಿಗೊಂದು ಅಂದೆ. ಎಳೆದಾಡಿ ವಾರಕ್ಕೊಂದು, ಐತ್ವಾರದ ಬಾಜಿ, ಅದೂ ಸಣ್ಣದು ಎಂದು ತೀರ್ಮಾನವಾಯಿತು. ಅದಕ್ಕೆ ಬದಲಾಗಿ ಅವರ ಕೈಸಾಲವನ್ನು ಅಕ್ಕನಿಗೂ ಹೇಳದೆ ನಾನೇ ತೀರಿಸಿದೆ. "ಸೌದಾ ಮುಗೀತು, ನೀ ಬೇಫಿಕರ್ ಇರು" ಎಂದು ಅಕ್ಕನಿಗೆ ಹೇಳಿ, ಹೆಮ್ಮೆಯಿಂದ ಬಸ್ಸು ಹತ್ತಿದೆ.

ಐತ್ವಾರ ಸೋತದ್ದನ್ನು ಸೋಮವಾರ ವಾಪಸು ತರಬೇಕಲ್ಲ? ಸೋಮವಾರದ್ದನ್ನು ಮಂಗಳವಾರ. ಸಾಲ ತೀರಿದ್ದರಿಂದ ಮತ್ತೆ ಕೊಡುವವರೂ ಸಿಕ್ಕರು. ಮಳೆ ಶುರುವಾಗುವ ಹೊತ್ತಿಗೆ ಅರ್ಧ ಹಿಂಡು ಖಾಲಿ. ಅಕ್ಕ ಬೈಯಲಿಲ್ಲ. "ನನ್ನ ಕುರಿ ಮ್ಯಾಲ ನೀವಿಬ್ರು ಸೌದಾ ಮಾಡ್ಕೊಂಡ್ರಿ. ನನ್ನ ಒಂದ್ ಮಾತು ಕೇಳಿದ್ಯೇನೋ ತಮ್ಮಾ?" ಅಂದಳು. ನಾನು ಎದ್ದು ದೊಡ್ಡಿಯ ಕಡೆ ನಡೆದೆ.

ದೊಡ್ಡಿಯಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ ಮಾವ ತಾವಾಗಿಯೇ ಬಾಯಿಬಿಟ್ಟರು: "ಅಳ್ಯಾ, ಇವತ್ತ ಆಡಬಾರ್ದು ಅಂತನ ಏಳ್ತೀನಿ. ಮಧ್ಯಾಹ್ನಕ್ಕ ನೋಡಿದ್ರ ಆಡಾಕತ್ತಿರ್ತೀನಿ. ನನ್ನ ಕೈಲೆ ಆಗವಲ್ದು."

"ಆಸ್ಪತ್ರಿಗೆ ಹೋಗೂಣ್ರಿ."

"ನಾ ಹುಚ್ಚೇನಲೇ?"

ಅಕ್ಕ ಒಳಗಿನಿಂದಲೇ ಅಂದಳು: "ಸಕ್ರಿ ಬ್ಯಾನಿಗೆ ಗುಳಗಿ ತಗೊಳ್ಳೋರೆಲ್ಲ ಹುಚ್ಚರೇನ್ರಿ? ನಡೀರಿ, ನಾನೂ ಬರ್ತೀನಿ."

ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಯ ಡಾಕ್ಟರು ಯಾವ ದಿನ ಬರುತ್ತಾರೆಂದು ವಿಚಾರಿಸಿ ಮೂವರೂ ಹೋದೆವು. ಡಾಕ್ಟರಮ್ಮ ಗದರಲಿಲ್ಲ. ಸೋತದ್ದನ್ನು ತರಲು ಮತ್ತೆ ಆಡುತ್ತೀರಾ, ಮನೆಯವರಿಗೆ ಸುಳ್ಳು ಹೇಳಿದ್ದೀರಾ, ಬಿಡಬೇಕೆಂದರೂ ಬಿಡಲಾಗಿಲ್ಲವೇ ಎಂದು ಕೇಳಿದರು. ಮಾವ ಎಲ್ಲದಕ್ಕೂ ತಲೆಯಾಡಿಸಿದರು. ನಾನು ಸುಮ್ಮನಿರಲಾರದೆ, "ಮೇಡಂ, ಸ್ವಲ್ಪ ಕಡಿಮಿ ಮಾಡಿದ್ರ ನಡೀತೈತೇನ್ರೀ?" ಅಂದೆ.

"ನೀವು ವ್ಯಾಪಾರದವರೇನ್ರೀ?" ಎಂದು ನಕ್ಕರು. ಆಮೇಲೆ ಮಾವನ ಕಡೆ ತಿರುಗಿ, ಒಂದು ಬಾಜಿಯೂ ಬೇಡ, ಕೈಯಲ್ಲಿ ದುಡ್ಡು ಬೇಡ, ಕರೆದಾಗೆಲ್ಲ ಬರಬೇಕು ಅಂದರು.

ಮಾವ ಆಸ್ಪತ್ರೆಗೆ ಹೋಗುತ್ತಿದ್ದಾರೆ. ನಡುವೆ ಒಮ್ಮೆ ಮತ್ತೆ ಆಡಿದರು, ಆದರೆ ಅದೇ ಸಂಜೆ ತಾವೇ ಹೇಳಿದರು. ಉಳಿದ ಅರ್ಧ ಹಿಂಡು ಈಗ ಅಕ್ಕನ ಕೈಯಲ್ಲಿದೆ. ಸಂತೆಗೆ ಅವಳೂ ಬರುತ್ತಾಳೆ, ದುಡ್ಡು ಎಣಿಸಿಕೊಳ್ಳುವುದು ಅವಳೇ. ಹೋದ ಕುರಿ ಹೋದವು, ಅವು ಬರುವುದಿಲ್ಲ.

ನಿಮ್ಮ ಮನೆಯಲ್ಲೂ ಗಟ್ಟಿ ವ್ಯಾಪಾರಿಯೊಬ್ಬ ಸಿಕ್ಕ ದರಕ್ಕೆ ಸಾಮಾನು ಮಾರತೊಡಗಿದರೆ, ಗೆದ್ದದ್ದಷ್ಟೇ ಹೇಳಿ ಸೋತದ್ದನ್ನು ನುಂಗಿದರೆ, ಫೋನು ಮುಟ್ಟಿದ್ದಕ್ಕೇ ಸಿಡುಕಿದರೆ, ತಡಮಾಡದೆ ಕೂರಿಸಿ ಕೇಳಿ. ಆದರೆ ಬೈದು ಕೇಳಬೇಡಿ, ಬೈದರೆ ಇನ್ನಷ್ಟು ಮುಚ್ಚಿಡುತ್ತಾರೆ. ವಾರಕ್ಕೊಂದು ಎಂಬ ಸೌದಾ ಮಾಡಿಕೊಳ್ಳಬೇಡಿ. ಸಾಲವನ್ನು ಗುಟ್ಟಾಗಿ ತೀರಿಸಿ ನನ್ನ ಹಾಗೆ ಜಾಣರಾಗಬೇಡಿ. ಸಾಲ ಕೊಟ್ಟವರೊಡನೆ ಕಂತಿನ ಮಾತಾಡಲು ಬೇಕಾದರೆ ಜೊತೆಗೆ ಹೋಗಿ. ಮನೆಯ ದುಡ್ಡು, ಬ್ಯಾಂಕಿನ ಕಾರ್ಡು ಇನ್ನೊಬ್ಬರ ಕೈಯಲ್ಲಿರಲಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದರೆ ಡಾಕ್ಟರು ಬರುವ ದಿನವನ್ನೂ, ಫೋನಿನಲ್ಲೇ ಮಾತಾಡುವ ಸರ್ಕಾರಿ ಸಹಾಯವಾಣಿಯ ನಂಬರನ್ನೂ ಕೊಡುತ್ತಾರೆ. ಅವರ ಬಾಯಲ್ಲಿ ಸಾಯುವ ಮಾತು ಬಂದರೆ ಡಾಕ್ಟರು ಬರುವ ದಿನದ ತನಕ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮತ್ತು ಮೊದಲ ಸಲ ಹೋಗುವಾಗ ಹೆಂಡತಿಯೋ ಅಣ್ಣನೋ ಜೊತೆಗಿರಲಿ. ಒಬ್ಬರೇ ಹೊರಟವರು ಬಸ್ ಸ್ಟ್ಯಾಂಡಿನಿಂದಲೇ ವಾಪಸು ಬರುವುದುಂಟು.